ಅರ್ಜಿ ಮಡಚುತ್ತಿದ್ದ ನಾರಾಯಣಪ್ಪನವರು

ನಾರಾಯಣಪ್ಪನವರು ಯಾವ ಅರ್ಜಿಯನ್ನೂ ಪೂರ್ತಿ ಬಿಚ್ಚಿ ಎದುರಿಗೆ ಇಡುತ್ತಿರಲಿಲ್ಲ. ಮೊದಲು ಅದನ್ನು ಮಡಚುತ್ತಿದ್ದರು. ಉದ್ದನೆಯ ಹಾಳೆಯಾದರೆ ನಾಲ್ಕು ಮಡಿಕೆ, ಗಿಡ್ಡದಾದರೆ ಎರಡು. ಹೆಬ್ಬೆರಳಿನ ಉಗುರಿನಿಂದ ಮಡಿಕೆಯ ಗೆರೆಯನ್ನು ನಿಧಾನವಾಗಿ ತೀಡಿ, ಮೇಲಿನ ಒಂದು ತುಂಡು ಮಾತ್ರ ಕಾಣುವಂತೆ ಮೇಜಿನ ಮೇಲಿಟ್ಟು, ಎದುರಿಗೆ ಕೂತವರ ಮುಖ ನೋಡಿ, “ಊಟ ಆಯ್ತಾ?” ಎಂದು ಕೇಳುತ್ತಿದ್ದರು. ಅರ್ಜಿಯಲ್ಲಿ ಎಲ್ಲೂ ಇಲ್ಲದ ಆ ಪ್ರಶ್ನೆಯಿಂದಲೇ ಅವರ ಅರ್ಜಿಗಳೆಲ್ಲ ಶುರುವಾಗುತ್ತಿದ್ದವು.

ಕಾಡುಗೋಡಿಯ ರೈಲ್ವೆ ಸ್ಟೇಷನ್ನಿನಿಂದ ಮಾರ್ಕೆಟ್ ಕಡೆಗೆ ಬರುವ ದಾರಿಯಲ್ಲಿ ಅವರ ತಮ್ಮ ಕಟ್ಟಿಸಿದ ನಾಲ್ಕು ಮಹಡಿಯ ಕಟ್ಟಡವಿದೆ. ಮೇಲೆಲ್ಲ ಬಾಡಿಗೆ ಮನೆಗಳು, ಕೆಳಗೆ ನಾನು ಎರಡು ವರ್ಷ ಕೆಲಸಕ್ಕಿದ್ದ ಜೆರಾಕ್ಸ್ ಅಂಗಡಿ. ಅಂಗಡಿಗೂ ಮೆಟ್ಟಿಲಿಗೂ ನಡುವೆ ಉಳಿದ ಇಷ್ಟೇ ಇಷ್ಟು ಜಾಗದಲ್ಲಿ ನಾರಾಯಣಪ್ಪನವರ ಕಬ್ಬಿಣದ ಮೇಜು, ಎದುರಿಗೊಂದು ಬೆಂಚು. ಮೇಲೆ ಹಸಿರು ಪ್ಲಾಸ್ಟಿಕ್ ಶೀಟು ಹೊದಿಸಿದ್ದರಿಂದ ಮಧ್ಯಾಹ್ನದ ಬಿಸಿಲು ಅಲ್ಲಿಗೆ ಹಸಿರಾಗಿಯೇ ಇಳಿಯುತ್ತಿತ್ತು. ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ಕಡಿಮೆ. ಮೆಷಿನ್ನು ಬಿಸಿ ಕಾಗದದ ವಾಸನೆ ಬಿಡುತ್ತಾ ಗುಂಯ್ ಎನ್ನುತ್ತಿತ್ತು. ನಾನು ಅರ್ಧ ಎಚ್ಚರ, ಅರ್ಧ ನಿದ್ದೆಯಲ್ಲಿ ಅವರು ಯಾರನ್ನೋ ಏನೋ ಕೇಳುತ್ತಿರುವುದನ್ನು, ಆ ಯಾರೋ ತಡೆದು ತಡೆದು ಉತ್ತರ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುತ್ತಿದ್ದೆ. ಈಗ ನೆನೆಸಿಕೊಂಡರೆ ಆ ಎರಡು ವರ್ಷ ನಾನೊಂದು ಕೆರೆಯ ತಳದಲ್ಲಿ ಕೂತಿದ್ದೆನೇನೋ ಅನ್ನಿಸುತ್ತದೆ. ಮಾತುಗಳು ಮೇಲಿನಿಂದ ನಿಧಾನಕ್ಕೆ ಇಳಿದು ಬರುತ್ತಿದ್ದವು.

ಅವರು ಆ ಊರಿನವರೇ. ಹೊಲ ಇದ್ದವರ ಮನೆ. ತಮ್ಮಂದಿರು ಹೊಲದ ಮೇಲೆ ಕಟ್ಟಡ ಎಬ್ಬಿಸಿದರು, ಇವರು ಹತ್ತಿರದ ಒಂದು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿ ಮೂವತ್ತು ಚಿಲ್ಲರೆ ವರ್ಷ ಕಳೆದರು. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆದಿಡುವುದು, ಹೊಸದಾಗಿ ಸೇರಿದವರ ವಿವರ ತುಂಬುವುದು ಅವರ ಕೆಲಸ. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ಊರಿನಲ್ಲಿ ಅವರು ಟೈಮ್ ಆಫೀಸ್ ನಾರಾಯಣಪ್ಪನೇ. ನಾನು ಬೆಳಿಗ್ಗೆ ಶಟರ್ ಎತ್ತುವಾಗ ತಪ್ಪದೆ ವಾಚು ನೋಡುತ್ತಿದ್ದರು. “ಎರಡು ನಿಮಿಷ ಲೇಟು ಕಂಪ್ಯೂಟರಮ್ಮ. ಪರವಾಗಿಲ್ಲ, ಇನ್ನೂ ಗೇಟ್ ಹಾಕಿಲ್ಲ, ಬಾ.” ನನಗೆ ಸವಿತಾ ಎಂಬ ಹೆಸರಿರುವುದನ್ನು ಅವರು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ.

ಅರ್ಜಿ ಬರೆಸಿಕೊಳ್ಳಲು ಬರುತ್ತಿದ್ದವರು ಹೆಚ್ಚಾಗಿ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಬ್ಯಾಂಕಿನದೋ ರೇಷನ್ ಕಾರ್ಡಿನದೋ ಮಗುವಿನ ಶಾಲೆಯದೋ ಒಂದು ಫಾರಂ ಹಿಡಿದುಕೊಂಡು, ಅದು ಕಚ್ಚುತ್ತದೇನೋ ಎಂಬಂತೆ ದೂರ ಚಾಚಿಕೊಂಡು ಬರುತ್ತಿದ್ದರು. ನಾರಾಯಣಪ್ಪನವರು ಅದನ್ನು ತೆಗೆದುಕೊಂಡು ಮಡಚಿದ ಕೂಡಲೇ ಬಂದವರ ಭುಜ ಸ್ವಲ್ಪ ಕೆಳಗಿಳಿಯುತ್ತಿತ್ತು. ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಎಲ್ಲ ತುಂಬಿದ ಮೇಲೆ ಮಡಿಕೆ ಬಿಚ್ಚಿ, ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿ ಹೇಳುತ್ತಿದ್ದರು. ಕೇಳಿಸಿಕೊಂಡವರು “ಹೌದು, ಖರೆ ಅದ” ಎಂದ ಮೇಲೆಯೇ ಸಹಿಗೆ ಪೆನ್ನು ಕೊಡುತ್ತಿದ್ದರು. ಅವಸರದಲ್ಲಿರುವವರು ಗೊಣಗಿದರೆ, “ಓದದೇ ಇದ್ರೆ ಅದು ನಿಮ್ಮ ಅರ್ಜಿ ಅಲ್ಲ ಕಣಯ್ಯ, ನನ್ನದು,” ಎನ್ನುತ್ತಿದ್ದರು.

ಅವರು ಯಾರು ಬಂದರೂ ಕೂತಲ್ಲಿಂದ ಏಳುತ್ತಿರಲಿಲ್ಲ. ಒಬ್ಬರಿಗೆ ಮಾತ್ರ ಏಳುತ್ತಿದ್ದರು. ವಾರಕ್ಕೊಮ್ಮೆ ವರ್ತೂರಿನಿಂದ ಗಂಗಮ್ಮ ಎಂಬುವರು ಬುಟ್ಟಿಯಲ್ಲಿ ಸೊಪ್ಪು ಹೊತ್ತು ಮಾರಲು ಬರುತ್ತಿದ್ದರು. ಮೊದಲು ಅದೇ ಫ್ಯಾಕ್ಟರಿಯಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದವರು. ಮಾರಿ ಉಳಿದ ದಂಟಿನ ಸೊಪ್ಪಿನಲ್ಲಿ ಒಂದು ಕಟ್ಟನ್ನು ನಾರಾಯಣಪ್ಪನವರ ಮೇಜಿನ ಮೇಲಿಟ್ಟು, “ಸಾರು ಮಾಡ್ಸ್ಕೊಳ್ಳಿ ಸಾ,” ಎಂದು ಹೋಗುತ್ತಿದ್ದರು. ಇವರು ಎದ್ದು ನಿಂತು, “ಯಾಕೆ ಗಂಗಮ್ಮಕ್ಕ ಇದೆಲ್ಲಾ,” ಎನ್ನುತ್ತಿದ್ದರು. ಆಕೆ ತಿರುವಿನಲ್ಲಿ ಮರೆಯಾಗುವವರೆಗೂ ನಿಂತೇ ಇರುತ್ತಿದ್ದರು. ಆಮೇಲೆ ಅರ್ಧ ಗಂಟೆ ಯಾವ ಅರ್ಜಿಯನ್ನೂ ಮುಟ್ಟುತ್ತಿರಲಿಲ್ಲ.

ನಾನು ಆಗ ವೆಬ್ ಪೇಜು ಮಾಡುವುದನ್ನು ಕಲಿಯುತ್ತಿದ್ದೆ. ಡಿಗ್ರಿ ಇತ್ತು, ಅದರಲ್ಲಿ ಕಂಪ್ಯೂಟರ್ ಇರಲಿಲ್ಲ. ಮೊಬೈಲಿನಲ್ಲಿ ಪಾಠದ ವಿಡಿಯೋ ಹಾಕಿಕೊಂಡು, ಅಂಗಡಿಯ ಕಂಪ್ಯೂಟರಿನಲ್ಲಿ ಮಧ್ಯಾಹ್ನದ ಹೊತ್ತು ತಪ್ಪು ಮಾಡುತ್ತಾ ಕೂರುವುದು ನನ್ನ ವಿದ್ಯಾಭ್ಯಾಸ. ಕೆಲಸ ಕೇಳಲು ಹೋಗುವ ಹೊಸಬರು ಕೈಯಲ್ಲಿ ತಾವೇ ಮಾಡಿದ ಎರಡು ಮೂರು ಪ್ರಾಜೆಕ್ಟ್ ಇಟ್ಟುಕೊಂಡಿರಬೇಕು, ಅದರಲ್ಲೊಂದು ಹಂತ ಹಂತವಾಗಿ ತುಂಬುವ ಫಾರಂ ಆದರೆ ಒಳ್ಳೆಯದು ಎಂದು ಪಾಠದವರು ಹೇಳಿದ್ದರು. ನಾನು ಕೆಲಸಗಾರರ ಹೆಸರು ನೋಂದಣಿಯ ಅರ್ಜಿ ಎಂದು ಒಂದನ್ನು ಕಲ್ಪಿಸಿಕೊಂಡೆ. ಹಂತಗಿಂತ ಆಮೇಲೆ ನೋಡೋಣವೆಂದು ಒಂದೇ ಪುಟದಲ್ಲಿ ಮೂವತ್ತೆಂಟು ಖಾನೆ ಜೋಡಿಸಿ, ಹೆಮ್ಮೆಯಿಂದ ನಾರಾಯಣಪ್ಪನವರನ್ನು ಕರೆದು ತೋರಿಸಿದೆ.

ಅವರು ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗೆ ನೋಡಿದರು. ನೋಡುತ್ತಲೇ ಇದ್ದರು, ಪುಟ ಮುಗಿಯಲಿಲ್ಲ.

“ಇದೇನಮ್ಮ ಇದು, ಪೊಲೀಸ್ ಸ್ಟೇಷನ್ನಾ?” ಎಂದರು. “ಇದನ್ನ ನೋಡಿದ್ರೆ ನನಗೇ ಏನೋ ತಪ್ಪು ಮಾಡ್ಬುಟ್ಟಿದ್ದೀನಿ ಅನ್ಸತ್ತೆ. ಮಡಚು ಇದನ್ನ.”

“ಕಂಪ್ಯೂಟರ್ ಮಡಚೋಕಾಗತ್ತಾ ಸಾರ್?”

“ನೀನು ತಾನೇ ಕಲೀತಿರೋದು? ಮಡಚೋದು ಹೆಂಗೆ ಅಂತ ಕಲಿ.”

ಹಾಗೆ ನನ್ನ ಫಾರಂ ಐದು ಮಡಿಕೆಯಾಯಿತು. ಮೇಲೆ ಐದು ಪುಟ್ಟ ಸೊನ್ನೆಗಳು, ಒಂದೊಂದು ಮಡಿಕೆ ಮುಗಿದಂತೆ ಒಂದೊಂದು ಸೊನ್ನೆ ಹಸಿರಾಗುತ್ತದೆ. ಪ್ರಶ್ನೆಗಳ ಸರದಿಯೂ ಅವರದೇ. ಹೆಸರು ಮೊದಲು ಬೇಡ, ಊರು ಮೊದಲು ಕೇಳು. ಊರಿನ ಹೆಸರು ಹೇಳುವಾಗ ಯಾರಿಗೂ ಹೆದರಿಕೆ ಆಗಲ್ಲ ಎಂದರು. ಗಂಡನ ಹೆಸರು ಎಂಬ ಖಾನೆಯನ್ನು ಕಡ್ಡಾಯ ಮಾಡಿ, ಬಿಟ್ಟರೆ ಕೆಂಪಕ್ಷರ ಬರುವಂತೆ ಮಾಡಿದ್ದೆ. ಅದನ್ನು ನೋಡಿ ಅವರಿಗೆ ಸಿಟ್ಟೇ ಬಂತು. “ಬಿಟ್ಟು ಹೋದೋನ ಹೆಸರು ಹೇಳು ಹೇಳು ಅಂತ ಕೆಂಪಗೆ ಬೈತೀಯಲ್ಲ. ಖಾಲಿ ಬಿಡೋದೂ ಒಂದು ಉತ್ತರ ಕಣಮ್ಮ. ಒಂದು ಗೆರೆ ಎಳೆದು ಮುಂದಕ್ಕೋಗು.” ಆ ಕೆಂಪನ್ನು ನಾನು ಅವತ್ತೇ ತೆಗೆದೆ.

ಮೂರನೆಯ ಮಡಿಕೆಯಲ್ಲಿ ಹುಟ್ಟಿದ ದಿನಾಂಕ. ಒತ್ತಿದರೆ ಪುಟ್ಟ ಕ್ಯಾಲೆಂಡರ್ ತೆರೆದುಕೊಳ್ಳುತ್ತಿತ್ತು, ಅದು ಈ ತಿಂಗಳಿನಿಂದ ಶುರುವಾಗುತ್ತಿತ್ತು. ವಯಸ್ಸಾದವರು ತಮ್ಮ ವರ್ಷ ಸಿಗಬೇಕಾದರೆ ಒತ್ತುತ್ತಾ ಒತ್ತುತ್ತಾ ಸಾಗಬೇಕು. ದಿನ, ತಿಂಗಳು, ವರ್ಷಕ್ಕೆ ಬೇರೆ ಬೇರೆ ಖಾನೆ ಮಾಡಿ ಅದನ್ನು ಸರಿಮಾಡಿದೆ. ನಾರಾಯಣಪ್ಪನವರು ಆಗಲೂ ಅಲ್ಲಿಂದ ಅಲುಗಾಡಲಿಲ್ಲ.

“ಗೊತ್ತಿಲ್ಲ ಅನ್ನೋಕೆ ಜಾಗ ಎಲ್ಲಿ?” ಎಂದರು.

“ಹುಟ್ಟಿದ ದಿನ ಗೊತ್ತಿಲ್ಲದೇ ಇರತ್ತಾ ಸಾರ್? ಏನೋ ಒಂದು ಹಾಕ್ಕೋತಾರೆ.”

ಅವರು ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ಅಂಗಡಿಯೊಳಗೆ ಅವರು ಕೂತಿದ್ದು ಅದೇ ಮೊದಲು. “ಆ ಏನೋ ಒಂದು ಹಾಕಿದೋನು ನಾನೇ ಕಣಮ್ಮ,” ಎಂದರು.

ಆ ಕಾಲದಲ್ಲಿ ಫ್ಯಾಕ್ಟರಿಗೆ ಸೇರಲು ಬಂದವರಲ್ಲಿ ಹುಟ್ಟಿದ ದಿನ ಗೊತ್ತಿದ್ದವರು ಕಡಿಮೆ. ಗೊತ್ತಿಲ್ಲದವರಿಗೆಲ್ಲ ಶಾಲೆ ಶುರುವಾಗುವ ಜೂನ್ ಒಂದನ್ನು ಹಾಕುವುದು ವಾಡಿಕೆ. ವರ್ಷವನ್ನು ಮುಖ ನೋಡಿ ಹಾಕುತ್ತಿದ್ದರಂತೆ. “ನಮ್ಮ ಫ್ಯಾಕ್ಟ್ರೀಲಿ ಅರ್ಧ ಜನ ಒಂದೇ ದಿನ ಹುಟ್ಟಿದೋರು. ಪ್ರತಿ ವರ್ಷ ಮೇ ಕೊನೇ ದಿನ ಸಾಲಾಗಿ ನಿಲ್ಸಿ ಹಾರ ಹಾಕಿ ಕಳ್ಸೋರು. ಅವತ್ತು ಕಾಡುಗೋಡೀಲಿ ದೇವರಿಗೆ ಹಾರ ಸಿಗ್ತಿರಲಿಲ್ಲ,” ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅವರೊಬ್ಬರೇ ನಗು ನಿಲ್ಲಿಸಿದರು.

ಗಂಗಮ್ಮ ಆ ಫ್ಯಾಕ್ಟರಿಯ ಶೆಡ್ಡು ಕಟ್ಟುವಾಗಲೇ ಕೂಲಿಗೆ ಬಂದವರು. ಕಟ್ಟಡ ಮುಗಿದ ಮೇಲೆ ಅಲ್ಲೇ ಗುಡಿಸುವ ಕೆಲಸ ಕೊಟ್ಟರು. ವಿವರ ಬರೆಸಲು ಟೈಮ್ ಆಫೀಸಿಗೆ ಬಂದ ದಿನ ಆಕೆಯ ತಲೆಗೂದಲು ಅಲ್ಲಲ್ಲಿ ಬೆಳ್ಳಗಿತ್ತು. ಹೊರಗೆ ಸಾಲು ನಿಂತಿತ್ತು, ಊಟದ ಗಂಟೆ ಹತ್ತಿರವಾಗಿತ್ತು. ನಾರಾಯಣಪ್ಪನವರು ಒಂದು ಸಲ ತಲೆ ಎತ್ತಿ ನೋಡಿ, ನರೆ ಶುರುವಾಗಿದೆ, ಮೂವತ್ತಕ್ಕೆ ಕಡಿಮೆಯಿಲ್ಲ ಎಂದು ವರ್ಷ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಮಾರನೆಯ ದಿನ ತಲೆಗೆ ಸ್ನಾನ ಮಾಡಿ ಬಂದ ಗಂಗಮ್ಮನ ಕೂದಲು ಕಾಗೆಯಷ್ಟು ಕಪ್ಪಗಿತ್ತು. ಬೆಳ್ಳಗೆ ಕಂಡಿದ್ದು ಸುಣ್ಣದ ಧೂಳು.

“ತಿದ್ದಬಹುದಿತ್ತಲ್ಲ ಸಾರ್?”

“ತಿದ್ದಿದ್ರೆ ಸಾಹೇಬ್ರು ಯಾಕೆ ಅಂತ ಕೇಳೋರು. ಕೇಳ್ದೇ ಬರ್ದೆ ಅಂತ ಹೇಳ್ಬೇಕಿತ್ತು. ನನಗಿನ್ನೂ ಕೆಲಸ ಖಾಯಂ ಆಗಿರಲಿಲ್ಲ. ಆಮೇಲೆ ನೋಡೋಣ ಅಂದ್ಕೊಂಡೆ.” ಮಡಚಲು ಕಾಗದವಿಲ್ಲದೆ ತಮ್ಮ ಕರವಸ್ತ್ರವನ್ನೇ ಮಡಚುತ್ತಿದ್ದರು. “ಹದಿನಾಲ್ಕು ವರ್ಷದ ಹಿಂದೆ ಹಾರ ಹಾಕಿ ಕಳ್ಸಿದ್ರು ಆಕೇನ. ನನಗೆ ಇನ್ನೂ ಕಸುವೈತಲ್ಲ ಸಾ, ಯಾಕೆ ಕಳ್ಸ್ತಾರೆ ಅಂತ ನನ್ನನ್ನೇ ಬಂದು ಕೇಳಿದ್ಲು. ರೂಲ್ಸು ಗಂಗಮ್ಮಕ್ಕ ಅಂದೆ. ಆಗ್ಲಿಂದ ಸೊಪ್ಪು ತಂದುಕೊಡ್ತಾಳೆ. ಒಂದಿನ ಹೇಳ್ಬೇಕು ಕಣಮ್ಮ. ಹೇಳ್ದೇ ಹೋಗ್ಬಾರ್ದು ನಾನು.”

ಅವರಿಗೆ ಬೇಕಾಗಿದ್ದು ಅಷ್ಟೇ, ಹೇಳಿಬಿಡುವುದು. ಗಂಗಮ್ಮ ಬರುವ ದಿನ ಬೆಳಿಗ್ಗೆಯಿಂದ ಸಿದ್ಧವಾಗುತ್ತಿದ್ದರು. ಆಕೆ ಬಂದು ಸೊಪ್ಪಿಟ್ಟು ಹೋಗುವಷ್ಟರಲ್ಲಿ ‘ಯಾಕೆ ಗಂಗಮ್ಮಕ್ಕ ಇದೆಲ್ಲಾ’ ಎಂಬುದಷ್ಟೇ ಬಾಯಿಂದ ಬರುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ನಾನೂ ಆ ದಿನ ಬಂತೆಂದರೆ ಬೆಳಿಗ್ಗೆಯಿಂದಲೇ ತಿರುವಿನ ಕಡೆ ನೋಡಲು ಶುರುಮಾಡಿದೆ. ‘ಗೊತ್ತಿಲ್ಲ’ ಎಂಬ ಬಟನ್ನನ್ನು ನಾನು ದಿನಾಂಕದ ಮೂರೂ ಖಾನೆಗಳ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ ಇಟ್ಟೆ.

ಫಾರಮ್ಮನ್ನು ಮೊದಲು ತುಂಬಿದವರು ಯಾದಗಿರಿಯ ಬಸಮ್ಮ, ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವರು. ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಊರು, ಹೆಸರು, ಸತ್ತ ಮಗು ಸೇರಿ ಮಕ್ಕಳೆಷ್ಟು, ಎಲ್ಲ ಹೇಳಿದರು. ನಾಲ್ಕನೆಯ ಮಡಿಕೆಗೆ ಬಂದಾಗ ಏನೋ ತಿದ್ದಲು ‘ಹಿಂದಕ್ಕೆ’ ಒತ್ತಿದೆ. ಎಲ್ಲ ಖಾನೆಯೂ ಖಾಲಿ. ಒಂದು ಮಡಿಕೆಯಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯದನ್ನು ಕಿತ್ತು ಹೊಸದನ್ನು ಹಾಕುವಂತೆ ನಾನು ಬರೆದಿದ್ದೆ, ಕಿತ್ತಾಗ ತುಂಬಿದ್ದೂ ಹೋಗಿತ್ತು.

“ನಾ ಇಷ್ಟೊತ್ತು ಹೇಳಿದ್ದೆಲ್ಲಾ ಎಲ್ಲಿ ಹೋತವ್ವಾ?” ಎಂದರು ಬಸಮ್ಮ.

“ಅಳಿಸಿ ಹೋಯ್ತು ಅಕ್ಕ. ಇನ್ನೊಂದ್ಸಲ ಹೇಳ್ತೀರಾ?”

“ಒಲ್ಲೆ,” ಎಂದು ಎದ್ದರು. “ಕೂಸಿಂದು ಇನ್ನೊಮ್ಮೆ ಹೇಳಂಗಿಲ್ಲ ನಾ.”

ಹೊರಗಿನಿಂದ ಕೇಳಿಸಿಕೊಂಡಿದ್ದ ನಾರಾಯಣಪ್ಪನವರು ಅವತ್ತು ನನ್ನೊಂದಿಗೆ ಮಾತಾಡಲಿಲ್ಲ. ಮರುದಿನ ಒಂದು ದಪ್ಪ ಕಬ್ಬಿಣದ ಕ್ಲಿಪ್ಪು ತಂದು ನನ್ನ ಕೀಬೋರ್ಡಿನ ಪಕ್ಕ ಇಟ್ಟರು. “ಹಾಳೆ ಬೇರೆ ಬೇರೆ ಇರ್ಲಿ, ಕ್ಲಿಪ್ಪು ಒಂದೇ ಇರ್ಬೇಕು. ಜನ ಒಂದ್ಸಲ ಹೇಳೋದೇ ಕಷ್ಟ,” ಎಂದರು. ಪಾಠದ ವಿಡಿಯೋದವನು ಒಂದು ಗಂಟೆ ಹೇಳಿದರೂ ನನ್ನ ತಲೆಗೆ ಹತ್ತದಿದ್ದದ್ದು ಆ ಕ್ಲಿಪ್ಪಿನಿಂದ ಹತ್ತಿತು. ಎಲ್ಲ ಉತ್ತರಗಳನ್ನೂ ಮಡಿಕೆಗಳಿಂದ ಆಚೆ, ಒಂದೇ ಕಡೆ ಹಿಡಿದಿಡಬೇಕು. ನಾಲ್ಕು ದಿನ ಕೂತು ಹಾಗೆ ಮಾಡಿದೆ. ಅರ್ಧಕ್ಕೆ ಬಿಟ್ಟು ಹೋದವರ ಅರ್ಜಿ ಕಂಪ್ಯೂಟರ್ ಆರಿಸಿದರೂ ಉಳಿಯುವಂತೆ ಮಾಡುವುದನ್ನೂ ಕಲಿತೆ. ಕೊನೆಯಲ್ಲಿ ಎಲ್ಲವನ್ನೂ ಓದಿ ನೋಡುವ ಒಂದು ಪುಟ, ಅದರ ಕೆಳಗೆ ‘ಕಳಿಸಿ’ ಎಂಬ ಬಟನ್ನು.

ಮುಂದಿನ ವಾರ ಗಂಗಮ್ಮ ಸೊಪ್ಪಿಟ್ಟು ಹೊರಟಾಗ ನಾರಾಯಣಪ್ಪನವರು, “ಗಂಗಮ್ಮಕ್ಕ, ಈ ಮಗು ಒಂದು ಅರ್ಜಿ ಮಾಡೈತೆ. ಒಂಚೂರು ಕೂತು ತುಂಬಿಸ್ಕೊಡಿ,” ಎಂದರು. ಇವತ್ತು ಹೇಳಿಬಿಡುತ್ತಾರೆ ಎಂದು ನನಗೆ ಗೊತ್ತಾಯಿತು. ಗಂಗಮ್ಮ ಬುಟ್ಟಿ ಇಳಿಸಿ ನನ್ನ ಪಕ್ಕ ಕೂತರು. ಸ್ಕ್ರೀನಿನ ಬೆಳಕು ಅವರ ಮೂಗುತಿಯಲ್ಲಿ ಸಣ್ಣಗೆ ಹೊಳೆಯುತ್ತಿತ್ತು. ಪ್ರಶ್ನೆಗಳನ್ನು ನಾರಾಯಣಪ್ಪನವರೇ ಓದಿ ಕೇಳಿದರು. ಎರಡು ಸೊನ್ನೆ ಹಸಿರಾದವು.

“ಹುಟ್ಟಿದ ದಿನ?”

“ಜೂನ್ ಒಂದು ಸಾ. ನೀವೇ ಬರ್ದಿದ್ದಲ್ವಾ.”

ಅವರು ಕನ್ನಡಕ ತೆಗೆದರು. “ಗಂಗಮ್ಮಕ್ಕ, ಅದು ನಾನು ಕೇಳಿ ಬರ್ದಿದ್ದಲ್ಲ. ನೋಡಿ ಬರ್ದಿದ್ದು.”

“ಅಂಗಂದ್ರೆ?”

“ಅವತ್ತು ನಿಮ್ಮ ತಲೇಲಿ ಸುಣ್ಣದ ಧೂಳಿತ್ತು. ನರೆ ಅಂದ್ಕೊಂಡೆ. ವಯಸ್ಸು ಜಾಸ್ತಿ ಹಾಕ್ಬುಟ್ಟೆ. ನಿಮ್ಮನ್ನ ಒಂದು ಮಾತು ಕೇಳ್ಲಿಲ್ಲ. ಓದೂ ಹೇಳ್ಲಿಲ್ಲ.”

ಗಂಗಮ್ಮ ಸ್ಕ್ರೀನನ್ನೇ ನೋಡುತ್ತಿದ್ದರು. “ಎಷ್ಟು ಜಾಸ್ತಿ?”

“ಐದೋ ಆರೋ ವರ್ಷ ಇರ್ಬೇಕು.”

ಮೆಷಿನ್ನು ಗುಂಯ್ ಎನ್ನುತ್ತಲೇ ಇತ್ತು.

“ನಾನು ಕೆಲಸ ಬಿಟ್ಟ ವರ್ಷಾನೇ ನನ್ನ ಮಗಳು ನರ್ಸಿಂಗ್ ಬಿಟ್ಟಿದ್ದು. ನಿಮಗೆ ಗೊತ್ತಲ್ವಾ ಸಾ?”

“ಗೊತ್ತು.”

“ಗೊತ್ತಿದ್ದೂ ಸೊಪ್ಪು ಈಸ್ಕೊಂಡ್ರಿ.”

ಆಕೆ ಎದ್ದು, ಮೇಜಿನ ಮೇಲಿಟ್ಟಿದ್ದ ಕಟ್ಟನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡು ಹೊರಟುಹೋದರು. ನಾರಾಯಣಪ್ಪನವರು ಎದ್ದು ನಿಲ್ಲುವುದನ್ನು ಮರೆತಿದ್ದರು.

ಅದಾದ ಮೇಲೆ ಅವರು ಬೆಂಚಿಗೆ ಬಂದವರನ್ನು “ಊಟ ಆಯ್ತಾ?” ಎಂದು ಕೇಳುವುದನ್ನು ಬಿಟ್ಟರು. ಸೀದಾ “ಹೆಸರು?” ಎನ್ನುತ್ತಿದ್ದರು. ಯಾರೂ ಇಲ್ಲದಾಗ ಖಾಲಿ ಹಾಳೆ ಮಡಚುತ್ತಾ ಕೂರುತ್ತಿದ್ದರು. ನನಗೆ ನನ್ನ ಫಾರಂ ಮೇಲೆಯೇ ಬೇಸರ ಬಂದಿತ್ತು. ಅದನ್ನು ತೆರೆದರೆ ಗಂಗಮ್ಮನ ಅರ್ಧ ಅರ್ಜಿ ಮೂರನೆಯ ಮಡಿಕೆಯಲ್ಲಿ ನಿಂತಿರುವುದು ಕಾಣುತ್ತಿತ್ತು. “ಹೇಳದೇ ಇರಬಹುದಿತ್ತು ಸಾರ್,” ಎಂದೆ ಒಂದು ದಿನ. ಅವರಿಗೆ ನೋವಾಯಿತೆಂದು ಅವರ ಕಿವಿ ಕೆಂಪಾದದ್ದರಿಂದ ತಿಳಿಯಿತು. “ನಿನಗೂ ಅಂಗೆ ಅನ್ಸತ್ತಾ?” ಎಂದರು. ನಾನು ಮೆಷಿನ್ನಿಗೆ ಹಾಳೆ ತುಂಬತೊಡಗಿದೆ. ಈಗಲೂ ಅದಕ್ಕೆ ನಾಚಿಕೊಳ್ಳುತ್ತೇನೆ.

ಎರಡು ವಾರ ಗಂಗಮ್ಮ ಬರಲಿಲ್ಲ. ಮೂರನೆಯ ವಾರ ಬಂದರು, ಬುಟ್ಟಿಯಿಲ್ಲದೆ. ಬೆಂಚಿನ ಮೇಲೆ, ನಾರಾಯಣಪ್ಪನವರ ಎದುರಿಗೇ ಕೂತರು.

“ಕೇಳಿ,” ಎಂದರು. “ಇವತ್ತಾದ್ರೂ ಕೇಳಿ ಬರ್ಕೊಳ್ಳಿ. ನನ್ನ ವಯಸ್ಸೆಷ್ಟು ಅಂತ ನನಗೆ ಗೊತ್ತಾಗ್ಬೇಕು.”

ನಾರಾಯಣಪ್ಪನವರು ಒಂದು ಬಿಳಿ ಹಾಳೆ ತೆಗೆದರು. ಮಡಚಿದರು. ಉಗುರಿನಿಂದ ಗೆರೆ ತೀಡಿದರು. “ಊಟ ಆಯ್ತಾ?” ಎಂದರು.

“ಆಗಿಲ್ಲ. ಮೊದ್ಲು ಕೇಳಿ.”

ಆ ಮಧ್ಯಾಹ್ನ ನನ್ನ ನೆನಪಿನಲ್ಲಿ ಎಲ್ಲಕ್ಕಿಂತ ಉದ್ದನೆಯದು. ಮಗಳು ಹುಟ್ಟಿದಾಗ ಫ್ಯಾಕ್ಟರಿಯ ಎರಡನೇ ಶೆಡ್ಡು ಎದ್ದಿತ್ತಾ ಎಂದು ಕೇಳಿದರು. ಮದುವೆಯಾದಾಗ ಊರಿಗೆ ಕರೆಂಟು ಬಂದಿತ್ತಾ ಎಂದು ಕೇಳಿದರು. “ಕಂಬ ನೆಟ್ಟಿದ್ರು, ಬಲ್ಪಿರಲಿಲ್ಲ,” ಎಂದರು ಗಂಗಮ್ಮ. ನಿಮ್ಮ ತಮ್ಮ ಹುಟ್ಟಿದಾಗ ನೀವು ನಡೆಯುತ್ತಿದ್ದಿರಾ? “ಅವನ್ನ ಸೊಂಟದ ಮೇಲೆ ಹೊತ್ಕೊಂಡು ಕಣಕ್ಕೆ ಹೋಗ್ತಿದ್ದೆ.” ಒಂದೊಂದು ಪ್ರಶ್ನೆಗೂ ಇಬ್ಬರೂ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಾ, ಚಿಕ್ಕವರಾಗುತ್ತಾ ಹೋದರು. ರಸ್ತೆಯ ಹಾರನ್ನು, ಮೆಟ್ರೊ, ಎದುರಿನ ಮೊಬೈಲ್ ಅಂಗಡಿ ಎಲ್ಲ ಒಂದೊಂದಾಗಿ ಇಲ್ಲವಾಗಿ, ಅಲ್ಲಿ ರಾಗಿ ಹೊಲ ಬಂದು ನಿಂತ ಹಾಗಾಯಿತು ನನಗೆ.

“ನಿಮ್ಮಮ್ಮ ಏನಾದ್ರೂ ಹೇಳ್ತಿದ್ರಾ?”

“ಕೆರೆ ಕೋಡಿ ಬಿದ್ದ ವಾರ ಹುಟ್ಟಿದ್ದು ನೀನು ಅನ್ನೋಳು. ಸೂಲಗಿತ್ತಿ ಸುತ್ತಾಕ್ಕೊಂಡು ಬಂದ್ಲಂತೆ. ಹೊಲದಾಗೆ ಹುಚ್ಚೆಳ್ಳು ಹೂ ಬಿಟ್ಟಿತ್ತಂತೆ.”

ನಾರಾಯಣಪ್ಪನವರ ಪೆನ್ನು ನಿಂತಿತು. “ದೊಡ್ಡ ಕೋಡಿ? ದನ ಕೊಚ್ಕೊಂಡು ಹೋಯ್ತಲ್ಲ, ಅದಾ?”

“ಅದೇ.”

“ಅದನ್ನ ನಾನು ನೋಡಿದ್ದೀನಿ. ನಮ್ಮಪ್ಪ ಹೆಗಲ ಮೇಲೆ ಕೂರಿಸ್ಕೊಂಡು ವರ್ತೂರ್ಗೆ ಕರ್ಕೊಂಡು ಹೋಗಿದ್ರು. ನನಗೆ ನಾಲ್ಕು ವರ್ಷ. ನಾನು ಹುಟ್ಟಿದ ದಿನಾನ ತಾತ ಉಗ್ರಾಣದ ಬಾಗಿಲ ಮೇಲೆ ಬರ್ದಿಟ್ಟಿದ್ರು, ತಪ್ಪಿಲ್ಲ ಅದು.” ಆಮೇಲೆ ತಮಗೇ ಹೇಳಿಕೊಳ್ಳುವಂತೆ, “ಏನು ನೀರು! ಬಿಳೀ ಹಾಲಿನಂಗೆ ಬೀಳ್ತಿತ್ತು,” ಎಂದರು.

ನನಗೆ ಗೊತ್ತಿದ್ದ ವರ್ತೂರು ಕೆರೆ ನೊರೆಯದು, ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡು ದಾಟುತ್ತಿದ್ದದ್ದು. ಅವತ್ತು ಮಾತ್ರ ಅದು ತಿಳಿಯಾಗಿತ್ತು. ಆ ಕಡೆ ಹಳದಿ ಹುಚ್ಚೆಳ್ಳು, ಈ ಕಡೆ ಹೆಗಲ ಮೇಲೊಂದು ನಾಲ್ಕು ವರ್ಷದ ಮಗು, ಎಲ್ಲೋ ಒಂದು ಮನೆಯಲ್ಲಿ ಆಗತಾನೇ ಹುಟ್ಟಿದ ಇನ್ನೊಂದು.

ನಾರಾಯಣಪ್ಪನವರು ಹಾಳೆಯ ಮೂಲೆಯಲ್ಲಿ ಲೆಕ್ಕ ಹಾಕಿದರು. ಹೊಡೆದುಹಾಕಿ ಮತ್ತೆ ಹಾಕಿದರು. ಆರು ಎಂದು ಸುಮ್ಮನಿರಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

“ಐದಲ್ಲ, ಆರೂ ಅಲ್ಲ ಗಂಗಮ್ಮಕ್ಕ,” ಎಂದರು. “ಏಳು. ಏಳು ವರ್ಷ ಜಾಸ್ತಿ ಬರ್ದಿದ್ದೀನಿ. ನಿಮಗೀಗ ಅರವತ್ತೈದು.”

ಗಂಗಮ್ಮ ನನ್ನ ಕಡೆ ತಿರುಗಿ, “ಅವತ್ತಿನ ಅರ್ಜಿ ಐತಾ?” ಎಂದರು. ತೆರೆದು ತೋರಿಸಿದೆ. ವರ್ಷ ಹಾಕಿದೆವು, ತಿಂಗಳು ಹಾಕಿದೆವು, ದಿನದ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಅವರೇ ಬೆರಳಿಟ್ಟು ತೋರಿಸಿದರು. ಐದೂ ಸೊನ್ನೆ ಹಸಿರಾದ ಮೇಲೆ ನಾರಾಯಣಪ್ಪನವರು ಬಂದು ನಿಂತು, ಊರಿನಿಂದ ಹಿಡಿದು ಕೊನೆಯವರೆಗೆ, ಒಂದಕ್ಷರ ಬಿಡದೆ ಓದಿ ಹೇಳಿದರು. “ಸರಿ ಐತೆ,” ಎಂದು ಗಂಗಮ್ಮ ‘ಕಳಿಸಿ’ ಒತ್ತಿದರು. ಧನ್ಯವಾದ ಎಂಬ ಪುಟ ಬಂತು.

“ಎಲ್ಲಿಗೆ ಹೋಯ್ತಮ್ಮ?”

ಸುಳ್ಳೊಂದು ಬಾಯಿಗೆ ಬಂದಿತ್ತು. ನಾರಾಯಣಪ್ಪನವರು ನನ್ನನ್ನೇ ನೋಡುತ್ತಿದ್ದರು. “ಎಲ್ಲಿಗೂ ಹೋಗಿಲ್ಲ ಅಜ್ಜಿ. ಇದು ನಾನು ಕಲಿಯೋಕೆ ಮಾಡಿದ್ದು. ಆಫೀಸಿಗೆಲ್ಲ ಹೋಗಲ್ಲ.”

“ಹೋಗ್ದಿದ್ರೆ ಬೇಡ ಬಿಡು. ಕಾಗದದ ಮೇಲೆ ತೆಗ್ದುಕೊಡು,” ಎಂದರು. ಪ್ರಿಂಟು ತೆಗೆದುಕೊಟ್ಟೆ. ಅದನ್ನು ನಾಲ್ಕಾಗಿ ಮಡಚಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡು, ನಾರಾಯಣಪ್ಪನವರಿಗೆ ಏನೂ ಹೇಳದೆ ಹೋದರು. ಆಮೇಲೆ ಅವರು ನಮ್ಮ ಮೇಜಿನ ಕಡೆ ಬರಲೇ ಇಲ್ಲ. ಸೊಪ್ಪನ್ನು ಸ್ಟೇಷನ್ನಿನ ಆ ಬದಿಯಲ್ಲಿ ಮಾರುತ್ತಾರೆಂದು ಯಾರೋ ಹೇಳಿದರು. “ಬರ್ತಾರೆ ಬಿಡಿ ಸಾರ್,” ಎಂದು ಸಮಾಧಾನ ಹೇಳಿದರೆ, “ಬರ್ಲಿ ಅಂತ ಹೇಳಿದ್ದಲ್ಲಮ್ಮ ಅದು,” ಎಂದರು. ಆದರೆ ಆಕೆ ಬರುತ್ತಿದ್ದ ದಿನ ಬಂದಾಗ ತಿರುವಿನ ಕಡೆ ನೋಡುವುದನ್ನು ಅವರು ಬಿಟ್ಟಿರಲಿಲ್ಲ.

ನಾನು ಆ ಫಾರಮ್ಮನ್ನೇ ತೋರಿಸಿ ವೈಟ್‌ಫೀಲ್ಡಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಹಿಡಿದೆ. ಸಂದರ್ಶನ ಮಾಡಿದ ಮೇಡಂ ‘ಗೊತ್ತಿಲ್ಲ’ ಬಟನ್ನಿನ ಬಳಿ ನಿಂತು, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಟೈಮ್ ಆಫೀಸಿನವರು ಒಬ್ಬರು ಎಂದೆ. ಸುದ್ದಿ ಹೇಳಲು ಓಡಿಹೋದರೆ ನಾರಾಯಣಪ್ಪನವರು ವಾಚು ನೋಡಿಕೊಂಡು, “ಎಷ್ಟು ಗಂಟೆಗೆ ಹೋಗ್ಬೇಕು? ಹತ್ತು ನಿಮಿಷ ಮುಂಚೆ ಹೋಗು,” ಎಂದರು. ನಾವಿಬ್ಬರೂ ಕೂತು ಮಾತಾಡಿದ್ದು ಅದೇ ಕೊನೆ.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರ ತಮ್ಮ ಫೋನ್ ಮಾಡಿದರು. ನಿದ್ದೆಯಲ್ಲೇ ಹೋಗಿದ್ದರು. ನಾನು ಹೋಗುವಷ್ಟರಲ್ಲಿ ಕಟ್ಟಡದ ಮುಂದೆ ಮಲಗಿಸಿದ್ದರು. ಅರ್ಜಿ ಬರೆಸಿಕೊಂಡವರೆಲ್ಲ ಬಂದಿದ್ದರು, ಬಸಮ್ಮನೂ ಇದ್ದರು. ನಾರಾಯಣಪ್ಪನವರ ಕಡೆಯ ಪದ್ಧತಿಯಲ್ಲಿ ಚಿಕ್ಕವರು ಮಾತ್ರ ಕಾಲಿಗೆ ನಮಸ್ಕಾರ ಮಾಡುತ್ತಾರೆ, ಸತ್ತವರಿಗಿಂತ ದೊಡ್ಡವರು ಹೂವು ಹಾಕಿ ಪಕ್ಕಕ್ಕೆ ಸರಿಯುತ್ತಾರೆ. ಬಿಸಿಲೇರುವ ಹೊತ್ತಿಗೆ ಗಂಗಮ್ಮ ಬಂದರು. ಬಂದವರು ಗೇಟಿನ ಹೊರಗೇ, ವಯಸ್ಸಾದ ಹೆಂಗಸರ ಜೊತೆ ನಿಂತರು. ತುಂಬಾ ಹೊತ್ತು ಒಳಗೆ ಬರಲಿಲ್ಲ, ಬರುತ್ತಾರೆಂಬ ಆಸೆ ನನಗೂ ಹೋಗಿತ್ತು.

ಕೊನೆಗೆ ಹೆಣ ಎತ್ತುವ ಸಿದ್ಧತೆ ಶುರುವಾದಾಗ ಒಳಗೆ ಬಂದರು. ನಾರಾಯಣಪ್ಪನವರ ನಾದಿನಿ ಕೈಗೆ ಹೂವು ಕೊಟ್ಟು, “ನೀವು ದೊಡ್ಡೋರು ಗಂಗಮ್ಮಕ್ಕ, ಹೂ ಹಾಕಿ ಸಾಕು,” ಎಂದರು.

ಗಂಗಮ್ಮ ಹೂವು ಹಿಡಿದುಕೊಂಡು ನಿಂತರು. ಮಲಗಿದ್ದ ನಾರಾಯಣಪ್ಪನವರ ಮುಖ ನೋಡಿದರು. ಆಮೇಲೆ ಎಲ್ಲರಿಗೂ ಕೇಳಿಸುವಂತೆ, “ಇಲ್ಲ ಕಣಮ್ಮ,” ಎಂದರು. “ನಾನು ನಾಲ್ಕು ವರ್ಷ ಚಿಕ್ಕೋಳು.”

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಂಡಿಯೂರಿ, ಅವರ ಎರಡೂ ಪಾದಗಳ ಮೇಲೆ ಹಣೆಯಿಟ್ಟರು.